ಗುಣವತಿಯ ತಂತಿ

"ಇವತ್ತೇ ಬಪ್ಪುದಾ ಆ ತಂತಿ?"

ಬೆಳಗಿನಿಂದ ಗುಣವತಿ ಇದನ್ನು ಕೇಳಿದ್ದು ಎಷ್ಟನೆಯ ಸಲವೋ. ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದ ಮೊಮ್ಮಗಳು ನಿಶ್ಮಿತಾ ಫೋನಿನಿಂದ ತಲೆ ಎತ್ತದೆ, "ಆಮಾ ಅಜ್ಜಿ, ಇನ್ನಿಕ್ಕಿ ದಾನ್," ಎಂದಳು. ಈ ಹುಡುಗಿಗೆ ಮನೆಯ ಕುಂದಾಪುರದ ಮಾತೆಲ್ಲ ಅರ್ಥವಾಗುತ್ತದೆ, ಬಾಯಿಂದ ಹೊರಡುವುದು ಮಾತ್ರ ತಮಿಳು. ಇವತ್ತೇ ಎಂದು ಗಟ್ಟಿಯಾದ ಮೇಲೆ ಗುಣವತಿ ಮತ್ತೇನೂ ಕೇಳಲಿಲ್ಲ. ಅಂಗೈಗೆ ತೆಂಗಿನೆಣ್ಣೆ ಸವರಿಕೊಂಡು ಕತ್ತಿ ಎತ್ತಿಕೊಂಡಳು.

ಟೀವಿಯ ಎದುರಿಗೆ ನೆಲದ ಮೇಲೆ ಹಳೆಯ ಪೇಪರು ಹಾಸಿ ಹಲಸಿನ ಹಣ್ಣನ್ನು ಇಟ್ಟಿದ್ದರು. ತಾನು ನಡೆಸುವ ಮೆಸ್ಸಿಗೆ ತರಕಾರಿ ತರಲು ಬೆಳಿಗ್ಗೆ ಕೋಯಂಬೇಡಿನ ಮಾರುಕಟ್ಟೆಗೆ ಹೋಗಿದ್ದ ಮಗ ಸುಕೇಶ ಅದನ್ನು ಹೆಗಲ ಮೇಲೆ ಹೊತ್ತು ತಂದಿದ್ದ. ಹೊರಗೆ ಮೇ ತಿಂಗಳ ಕತ್ತಿರಿ ಬಿಸಿಲು. ಮದ್ರಾಸಿನ ಕೀಲ್ಪಾಕಿನ ಆ ಸಣ್ಣ ಫ್ಲಾಟಿನ ಕಿಟಕಿಗಳಿಗೆಲ್ಲ ಪರದೆ ಎಳೆದಿದ್ದರಿಂದ ಹಣ್ಣಿನ ವಾಸನೆ ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ತುಂಬಿಕೊಂಡಿತ್ತು. ಗುಣವತಿ ಹಣ್ಣನ್ನು ಸೀಳಿ, ಗೂಂಜು ತೆಗೆದು, ಮೇಣ ಒರೆಸಿ, ಸೊಳೆ ಬಿಡಿಸಿ ತಟ್ಟೆಗೆ ಹಾಕುತ್ತಿದ್ದಳು. ಪ್ರತಿ ವರ್ಷವೂ ಬಿಡಿಸುವವಳು ಅವಳೇ, ತಿನ್ನುವವರು ಉಳಿದವರು. ಅಜ್ಜಿ ಹಲಸು ತಿನ್ನುವುದಿಲ್ಲ, ಅವಳದ್ದೇನೋ ಹರಕೆ ಎಂದು ಮನೆಯವರಿಗೆಲ್ಲ ಗೊತ್ತು. ಏನು ಹರಕೆ ಎಂದು ಗೊತ್ತಿದ್ದದ್ದು ಗಂಡ ವಿಷ್ಣುಮೂರ್ತಿಗೆ ಮಾತ್ರ. ಅವನು ಗೋಡೆಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ತಿನ್ನುತ್ತಿದ್ದ.

ಧಾರಾವಾಹಿ ಇನ್ನೇನು ಶುರುವಾಗಬೇಕಿತ್ತು. ತಮಿಳಿನದು, ಭಾನುವಾರ ಮಧ್ಯಾಹ್ನಕ್ಕೊಂದು ಕಂತು. ಯುದ್ಧದ ಹೊತ್ತಿನಲ್ಲಿ ಪಡೆ ಬಿಟ್ಟು ಓಡಿಬಂದು, ಸಿಕ್ಕಿಬಿದ್ದು, ಶಿಕ್ಷೆ ತಿಂದ ಒಬ್ಬ ಸಿಪಾಯಿಯ ಕಥೆ. ಬರೆದವರ ಹೆಸರಿನಲ್ಲಿ ನಿಶ್ಮಿತಾಳ ಹೆಸರೂ ಬರುತ್ತದೆ. ಅದು ಬಂದು ಹೋಗುವಷ್ಟರಲ್ಲಿ ಸುಕೇಶ ಟೀವಿಯ ಫೋಟೋ ಹೊಡೆದು ಕೋಟ, ಸಾಲಿಗ್ರಾಮದ ನೆಂಟರಿಗೆಲ್ಲ ಕಳಿಸಿ ಆಗಿರುತ್ತದೆ.

ಮೊದಲ ಕಂತಿನ ದಿನ ಗುಣವತಿ ಕಾಫಿ ಲೋಟ ಹಿಡಿದು ಸುಮ್ಮನೆ ನೋಡುತ್ತಿದ್ದಳು. ತೆರೆಯ ಮೇಲೆ ಚಿನ್ನದುರೈ ಎಂಬ ಸಿಪಾಯಿ ಅಟ್ಟದಲ್ಲಿ ತೆಂಗಿನ ಸಿಪ್ಪೆಯ ರಾಶಿಯ ಹಿಂದೆ ಅಡಗಿ ಕೂತಿದ್ದ. ಅಂಗಳಕ್ಕೆ ಬಂದ ಮಿಲಿಟರಿ ಪೊಲೀಸರಿಗೆ ಅವನ ಬಸುರಿ ಹೆಂಡತಿ, ಅಷ್ಟು ಹೊತ್ತಾದರೂ ಕಳೆಯಲಿ ಎಂದು, ಚೊಂಬಿನಲ್ಲಿ ಮಜ್ಜಿಗೆ ತಂದು ಕೊಡುತ್ತಿದ್ದಳು. ಗುಣವತಿ ಲೋಟ ಕೆಳಗಿಟ್ಟಳು. ಆ ಮಜ್ಜಿಗೆ ಅವಳು ಕೊಟ್ಟದ್ದು! ಉಪ್ಪು ಹಾಕಲು ಮರೆತದ್ದೂ ಅವಳಿಗೆ ನೆನಪಿತ್ತು. ಮೊಮ್ಮಗಳನ್ನು ಹಿಡಿದು ಕೇಳಿದರೆ, ಹೌದು, ತಾತ ಹರ್ನಿಯಾ ಆಪರೇಷನ್ನಿಗೆ ಆಸ್ಪತ್ರೆಯಲ್ಲಿ ಮಲಗಿದ್ದಾಗ ಪಕ್ಕದಲ್ಲಿ ಕೂತಿದ್ದ ತನಗೆ ಹೇಳಿದ್ದು ಎಂದಳು. ಹೆಸರು, ಊರು ಎಲ್ಲ ಬದಲಿಸಿದ್ದೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಸಮಾಧಾನವನ್ನೂ ಹೇಳಿದಳು. ವಿಷ್ಣುಮೂರ್ತಿ ಫ್ಯಾನು ನೋಡುತ್ತಾ ಕೂತಿದ್ದ.

ಗುಣವತಿಗೆ ಸಿಟ್ಟೇನೂ ಬರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಸ್ವಲ್ಪ ಹಿಗ್ಗಿದಳು ಕೂಡ. ಟೀವಿಯಲ್ಲಿ ಬರುವಂಥದ್ದು ತನ್ನ ಬದುಕಿನಲ್ಲಿ ಏನೋ ಇದೆ ಎಂದು ಯಾರಿಗೆ ತಾನೆ ಅನಿಸಿರುತ್ತದೆ? ಆದರೆ ಹಿಗ್ಗಿನ ಹಿಂದೆಯೇ ಒಂದು ಭಯವೂ ಬಂತು. ಮಜ್ಜಿಗೆ ಬಂದ ಮೇಲೆ ತಂತಿಯೂ ಬರದೇ ಇರುವುದಿಲ್ಲ. ಅವತ್ತಿನಿಂದ ಭಾನುವಾರ ಬಂತೆಂದರೆ ಅವಳಿಗೆ ಅಳುಕು. ಊರಿನ ನಾಲ್ಕು ಮನೆಗೆ ಗೊತ್ತಿದ್ದದ್ದು ಇನ್ನು ಇಡೀ ಮದ್ರಾಸಿಗೆ ಗೊತ್ತಾಗುತ್ತದೆ, ಗಂಡನ ಮಾನ ಕಳೆದವಳು ಹೆಂಡತಿಯೇ ಎಂದು ಎಲ್ಲರೂ ನೋಡುತ್ತಾರೆ.

ಆ ಕಾಲದಲ್ಲಿ ಪಟ್ಟಣದ ಹೋಟೆಲಿನಲ್ಲೋ ಪಡೆಯಲ್ಲೋ ಇರುವವರಿಗೆ ರಜೆ ಬೇಕೆಂದರೆ ಊರಿನಿಂದ ತಂತಿ ಹೋಗಬೇಕಿತ್ತು. ತಾಯಿ ಸೀರಿಯಸ್, ಕೂಡಲೇ ಹೊರಡು. ಕರಾವಳಿಯಲ್ಲಿ ಹೀಗೆ ಐದಾರು ಸಲ ಸೀರಿಯಸ್ ಆಗಿ ಆಮೇಲೆ ತೊಂಬತ್ತರವರೆಗೆ ಬದುಕಿದ ತಾಯಂದಿರು ಬೇಕಾದಷ್ಟು ಮಂದಿ. ಅದನ್ನು ಸುಳ್ಳೆಂದು ಯಾರೂ ಕರೆಯುತ್ತಿರಲಿಲ್ಲ. ಎಪ್ಪತ್ತೊಂದರಲ್ಲಿ ಯುದ್ಧ ಆಗುತ್ತದಂತೆ ಎಂದು ರೇಡಿಯೋದಲ್ಲಿ ಹೇಳತೊಡಗಿದಾಗ ಗುಣವತಿಗೆ ಚೊಚ್ಚಲ ಬಸುರು. ಗಂಡ ಪೂರ್ವದ ಗಡಿಯಲ್ಲಿದ್ದ. ಅವಳು ಅತ್ತು ಅತ್ತು ಅಣ್ಣನನ್ನು ಕುಂದಾಪುರದ ಪೋಸ್ಟಾಫೀಸಿಗೆ ಅಟ್ಟಿದಳು. ಹೆಂಡತಿ ಸೀರಿಯಸ್, ಕೂಡಲೇ ಹೊರಡು. ಅವತ್ತು ಆ ಸೀರಿಯಸ್ ಹೆಂಡತಿ ಬಾವಿಯಿಂದ ನೀರು ಸೇದಿ, ದೋಸೆಗೆ ಅರೆದು, ದನಕ್ಕೆ ಹುಲ್ಲು ಹಾಕಿದ್ದಳು.

ಅವನು ಬಂದ. ಗಡ್ಡ ಬಿಟ್ಟು, ಯಾರದೋ ಅಂಗಿ ತೊಟ್ಟು, ಕತ್ತಲಾಗುವವರೆಗೆ ಗದ್ದೆಯಂಚಿನಲ್ಲೇ ಕಾದು ಮನೆ ಹೊಕ್ಕ. ತಂತಿ ಸಿಕ್ಕಿತು, ರಜೆ ಕೊಡಲಿಲ್ಲ, ಬಂದುಬಿಟ್ಟೆ ಎಂದ. ಆಮೇಲೆ ಪೊಲೀಸರು ಬಂದರು. ಪಡೆಯ ಕೋರ್ಟಿನಲ್ಲಿ ವಿಚಾರಣೆಯಾಗಿ ಜೈಲಾಯಿತು, ಪಿಂಚಣಿಯಿಲ್ಲದೆ ಕೆಲಸವೂ ಹೋಯಿತು. ಅವನು ಜೈಲಿನಲ್ಲಿದ್ದಾಗಲೇ ಸುಕೇಶ ಹುಟ್ಟಿದ. ಅತ್ತೆ ಆ ಮಗುವನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ಕೊನೆಯವರೆಗೂ 'ತಂತಿ ಮಾಣಿ' ಎಂದೇ ಕರೆದಳು. ಹೆಂಡತಿಯ ಸೆರಗಿಗೆ ಬಿದ್ದು ಯುದ್ಧ ಬಿಟ್ಟು ಬಂದವ ಎಂದು ಊರು ಆಡಿಕೊಂಡಿತು. ಗುಣವತಿ ತಲೆ ತಗ್ಗಿಸಿ ಎಲ್ಲ ಕೇಳಿದಳು. ತಪ್ಪು ತನ್ನದಲ್ಲ ಎಂದು ಹೇಳಲು ಅವಳಿಗೆ ಬಾಯಿಯಾದರೂ ಎಲ್ಲಿತ್ತು? ಕೊಲ್ಲೂರಿಗೆ ಹೋಗಿ ಮೂಕಾಂಬಿಕೆಯ ಎದುರು ನಿಂತು, ಗಂಡ ಜೀವ ಸಹಿತ ಜೈಲಿನಿಂದ ಬರಲಿ, ನನ್ನಿಂದಾದ ತಪ್ಪಿಗೆ ಇನ್ನು ಬದುಕಿರುವವರೆಗೆ ಹಲಸಿನ ಹಣ್ಣು ಬಾಯಿಗಿಡುವುದಿಲ್ಲ ಎಂದಳು. ಜಗತ್ತಿನಲ್ಲಿ ಅವಳಿಗೆ ಅದರಷ್ಟು ಇಷ್ಟವಾದದ್ದು ಬೇರೆ ಇರಲಿಲ್ಲ.

ಅವನು ಬಂದ ಮೇಲೆ ಹರಕೆಯ ವಿಷಯ ಅವನಿಗೂ ಹೇಳಿದಳು. ಅವನು ಬಹಳ ಹೊತ್ತು ನೆಲ ನೋಡುತ್ತಾ ಕೂತಿದ್ದ. ಆಮೇಲೆ ವರ್ಷಕ್ಕೊಂದು ಸಲ, ಮೊದಲ ಹಣ್ಣು ಕೊಯ್ದಾಗ, ಒಂದು ಸೊಳೆ ಎತ್ತಿ ಅವಳತ್ತ ಚಾಚಿ, ತಿನ್ನು ಮಾರಾಯ್ತಿ, ದೇವರಿಗೆ ಅಷ್ಟೆಲ್ಲ ನೆನಪಿರುವುದಿಲ್ಲ ಎನ್ನುತ್ತಿದ್ದ. ಅವಳು ನಕ್ಕು ಕೈ ಹಿಂದಕ್ಕೆ ತಳ್ಳುತ್ತಿದ್ದಳು. ಇಷ್ಟು ವರ್ಷಗಳಲ್ಲಿ 'ನಿನ್ನಿಂದಾಯಿತು' ಎಂಬ ಒಂದು ಮಾತು ಅವನ ಬಾಯಿಂದ ಬಂದಿರಲಿಲ್ಲ. ಸಿಟ್ಟಿನಲ್ಲೂ ಇಲ್ಲ, ಜ್ವರದ ಬಡಬಡಿಕೆಯಲ್ಲೂ ಇಲ್ಲ. ಗಂಡನೆಂದರೆ ಹೀಗಿರಬೇಕು ಎಂದು ಗುಣವತಿ ಅವನ ಆ ಮೌನಕ್ಕೇ ಮನಸ್ಸಿನಲ್ಲಿ ಕೈ ಮುಗಿಯುತ್ತಿದ್ದಳು.

ಟೀವಿಯಲ್ಲಿ ಶೀರ್ಷಿಕೆಯ ಸಂಗೀತ ಬಂತು. ಸುಕೇಶ ಫೋಟೋ ಹೊಡೆದ. ಗುಣವತಿ ಸೊಳೆಯ ಒಳಗಿನ ಬೀಜವನ್ನು ಬೆರಳಿನಿಂದ ಒತ್ತಿ ತೆಗೆಯುತ್ತಾ ಕಣ್ಣು ಮಾತ್ರ ತೆರೆಯ ಮೇಲಿಟ್ಟಳು.

ಮೊದಲು ಗಡಿ ಬಂತು. ಕೆಸರು, ಹೊಂಡ, ಗುಂಡಿನ ಸದ್ದು. ಚಿನ್ನದುರೈಯ ಪಕ್ಕದಲ್ಲಿ ಬೀಡಿ ಹಚ್ಚುತ್ತಿದ್ದ ಜೊತೆಗಾರ ಬೀಡಿ ಬಾಯಲ್ಲಿದ್ದಂತೆಯೇ ಮಗುಚಿಬಿದ್ದ. ಚಿನ್ನದುರೈ ಅವನನ್ನು ಅಲುಗಿಸಿ ನೋಡಿದ, ತನ್ನ ಬೂಟು ಕಳಚಿ ಕುತ್ತಿಗೆಗೆ ಕಟ್ಟಿಕೊಂಡ, ಓಡಿದ. ಗುಣವತಿಗೆ ಗೊಂದಲವಾಯಿತು. ತಂತಿ ಎಲ್ಲಿ? ಈ ಹುಡುಗಿ ತಂತಿಯನ್ನೇ ಬಿಟ್ಟುಬಿಟ್ಟಳೇ ಎಂದು ಮೊಮ್ಮಗಳ ಕಡೆ ತಿರುಗಿದರೆ ಅವಳು ಉಗುರು ಕಚ್ಚುತ್ತಿದ್ದಳು.

ಆಮೇಲೆ ಮದ್ರಾಸು ಬಂತು. ಹಳೆಯ ಸೌಕಾರ್‌ಪೇಟೆಯಂಥ ಒಂದು ಗಲ್ಲಿ, ಗಲ್ಲಿಯಲ್ಲೊಂದು ಹೋಟೆಲು, ಅಡುಗೆಮನೆಯ ಹಿಂದೆ ಎಂಜಲು ಲೋಟ ತೊಳೆಯುತ್ತಿರುವ ಚಿನ್ನದುರೈ. ಗಡ್ಡ ಆಗಲೇ ಬೆಳೆದಿತ್ತು. ಅವನ ಊರಿನವನೊಬ್ಬ ಕೈ ತೊಳೆಯಲು ಹಿಂದಕ್ಕೆ ಬಂದವನು ಅವನನ್ನು ಕಂಡು ಬೆಚ್ಚಿದ. ನೀನು ಇಲ್ಲಿದ್ದೀಯಲ್ಲೋ, ನಿನ್ನ ಹೆಂಡತಿಗೆ ಸೀರಿಯಸ್ ಎಂದು ಮೊನ್ನೆಯಷ್ಟೇ ನಿನ್ನ ಪಡೆಗೆ ತಂತಿ ಹೊಡೆದರಲ್ಲ ಎಂದ. ಕ್ಯಾಮೆರಾ ಚಿನ್ನದುರೈಯ ಮುಖದ ಹತ್ತಿರಕ್ಕೆ ಹೋಯಿತು. ಅವನು ಮೊದಲು ಹೆದರಿದ. ಆಮೇಲೆ ನಿಧಾನವಾಗಿ, ಮುಳುಗುವವನ ಕೈಗೆ ಹಗ್ಗ ಸಿಕ್ಕ ಹಾಗೆ, ಅವನ ಮುಖ ಸಡಿಲವಾಯಿತು. ಊರಿಗೆ ಹೋಗಲು ಈಗ ಒಂದು ಕಾರಣ ಇತ್ತು.

ಗುಣವತಿಯ ಬೆರಳುಗಳು ನಿಂತುಬಿಟ್ಟಿದ್ದವು. ಇದು ಕಥೆಗೆ ಸೇರಿಸಿದ್ದು, ಸಿನಿಮಾದವರು ಏನೇನೋ ಸೇರಿಸುತ್ತಾರೆ ಎಂದು ಒಂದು ಗಳಿಗೆ ಅಂದುಕೊಂಡಳು. ಅಷ್ಟರಲ್ಲಿ ಒಂದು ಹಳೆಯ ಮಾತು ನೆನಪಿಗೆ ಬಂತು. ಊರಲ್ಲಿ ತಲೆ ಎತ್ತಲಾಗದೆ ಅವರಿಬ್ಬರೂ ಮಗುವನ್ನೆತ್ತಿಕೊಂಡು ಮದ್ರಾಸಿಗೆ ಬಂದಾಗ ಮೊದಲು ಕಾಲಿಟ್ಟದ್ದು ಸೌಕಾರ್‌ಪೇಟೆಯ ಒಂದು ಹೋಟೆಲಿಗೆ. ಗಲ್ಲೆಯಲ್ಲಿ ಕೂತಿದ್ದ ಧಣಿ ವಿಶ್ವನಾಥಯ್ಯ ಗಂಡನ ಮುಖ ಕಂಡದ್ದೇ ನಕ್ಕು, "ಎಂತ ಮಾರಾಯ, ಮತ್ತೆ ಬಂದ್ಯಾ?" ಎಂದಿದ್ದರು. ಹೊಸಬರನ್ನೂ ಹಳಬರಂತೆ ಮಾತಾಡಿಸುವ ದೊಡ್ಡ ಮನುಷ್ಯ ಎಂದು ಅವಳು ಅವತ್ತು ತಿಳಿದಿದ್ದಳು.

ಅವಳು ಗಂಡನ ಕಡೆ ನೋಡಿದಳು. ಅವನು ಟೀವಿ ನೋಡುತ್ತಿರಲಿಲ್ಲ. ಮಡಿಲಿನ ತಟ್ಟೆ ನೋಡುತ್ತಿದ್ದ.

"ಹ್ವಾಯ್," ಎಂದಳು ಗುಣವತಿ. "ನೀವ್ ತಂತಿ ಕಂಡ್ ಬಂದದ್ದ್ ಅಲ್ದಾ?"

ಸುಕೇಶ ರಿಮೋಟು ಹುಡುಕಿ ಸದ್ದು ತಗ್ಗಿಸಿದ. ವಿಷ್ಣುಮೂರ್ತಿ ತಟ್ಟೆಯನ್ನು ಕುರ್ಚಿಯ ಕಾಲಿನ ಹತ್ತಿರ ಇಟ್ಟ. ಮೊಮ್ಮಗಳ ಕಡೆ ಒಮ್ಮೆ ನೋಡಿ, ಅಜ್ಜಿಗೆ ಹೇಳಬೇಡ ಎಂದು ಅಷ್ಟು ಹೇಳಿದ್ದೆನಲ್ಲ ಮಗಾ ಎಂದ. ನಿಶ್ಮಿತಾ, ನಾನೆಲ್ಲಿ ಹೇಳಿದೆ ತಾತಾ, ಇದು ವೆರುಂ ಕಥೆ ದಾನೆ, ಬರೀ ಕಥೆಯಲ್ಲವಾ ಎಂದು ತಮಿಳಿನಲ್ಲಿ ಏನೋ ಶುರು ಮಾಡಿ, ಅಜ್ಜಿಯ ಮುಖ ಕಂಡು ನಿಲ್ಲಿಸಿದಳು.

"ನಾನ್ ಕೇಂಡದ್ದ್ ನಿಮ್ಮನ್ನ."

"ತಂತಿ ಹೋಪ ಹೊತ್ತಿಗೆ ನಾನ್ ಅಲ್ಲಿರ್ಲಿಲ್ಲೆ," ಎಂದ ವಿಷ್ಣುಮೂರ್ತಿ. "ಹೆದ್ರಿಕೆ ಆಯ್ತ್ ಗುಣೂ. ಅಷ್ಟೇ. ಓಡುವತಿಗೆ ನಿನ್ ನೆನಪೂ ಇರ್ಲಿಲ್ಲೆ."

ಆಮೇಲೆ ಅವನು ಮಾತಾಡುತ್ತಲೇ ಹೋದ. ಅಷ್ಟು ವರ್ಷ ಬಾಯಿ ಬಿಡದವನಿಗೆ ಈಗ ನಿಲ್ಲಿಸಲು ಆಗಲಿಲ್ಲ. ಹೋಟೆಲಿನ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಾ ಇನ್ನು ಊರಿಗೆ ಮುಖ ತೋರಿಸುವುದು ಹೇಗೆ ಎಂದು ತಿಳಿಯದೆ ಇದ್ದದ್ದು, ತಂತಿಯ ಸುದ್ದಿ ಕೇಳಿದ ಮೇಲೆ ಧೈರ್ಯ ಬಂದದ್ದು. ಕೋರ್ಟಿನವರಿಗೆ ಯಾವ ದಿನ ಓಡಿದ್ದು, ಏನು ಕಥೆ ಎಲ್ಲ ಗೊತ್ತಿತ್ತು, ಆದರೆ ಊರಿನ ಯಾರಿಗೆ ಅದೆಲ್ಲ ತಿಳಿಯುತ್ತದೆ? ಜೈಲಿನಿಂದ ಬಂದ ದಿನ ಹೇಳಿಬಿಡಬೇಕು ಎಂದಿದ್ದನಂತೆ. ಅವತ್ತೇ ಅವಳು ಹರಕೆಯ ಮಾತು ಎತ್ತಿದಳಂತೆ. ಅಷ್ಟು ದೊಡ್ಡ ಹರಕೆ ಹೊತ್ತವಳಿಗೆ ಅದರ ಕಾರಣವೇ ಸುಳ್ಳು ಎಂದು ಹೇಳುವುದು ಹೇಗೆ, ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ಮುಂದೆ ಹಾಕುತ್ತಾ ಹೋದನಂತೆ.

ಗುಣವತಿ ಕೇಳುತ್ತಿದ್ದಳೋ ಇಲ್ಲವೋ. ಅವಳ ಕಣ್ಣೆದುರು ಅತ್ತೆ ಬಂದಿದ್ದಳು. ಸಾಯುವ ಕಾಲಕ್ಕೆ ಅತ್ತೆ ಚಾಪೆ ಹಿಡಿದಿದ್ದಾಗ ಗುಣವತಿ ಮದ್ರಾಸಿನಿಂದ ಹೋಗಿ, ಹೇಲು ಉಚ್ಚೆ ಬಾಚಿ, ಕಾಲು ಒತ್ತಿ, ಕಡೆಗೊಂದು ಸಂಜೆ ಆ ಕಾಲಿಗೆ ಹಣೆ ಮುಟ್ಟಿಸಿ, ನನ್ನಿಂದ ತಪ್ಪಾಯಿತು ಅತ್ತೆ, ಕ್ಷಮಿಸಿ ಎಂದಿದ್ದಳು. ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದವಳು ಈ ಕಡೆ ತಿರುಗಲಿಲ್ಲ. ಆಗ ವಿಷ್ಣುಮೂರ್ತಿ ಬಾಗಿಲ ಹತ್ತಿರ ನಿಂತಿದ್ದ. ಎಲ್ಲ ನೋಡುತ್ತಾ, ದಾರಂದ ಹಿಡಿದುಕೊಂಡು, ಒಂದು ಮಾತೂ ಆಡದೆ ನಿಂತಿದ್ದ. ಅಯ್ಯೋ, ಆ ಮೌನಕ್ಕಲ್ಲವೇ ತಾನು ಕೈ ಮುಗಿದದ್ದು?

"ಮೊಮ್ಮಗಳ ಹತ್ರ ಹೇಳೂಕಾಯ್ತ್ ನಿಮ್ಗೆ," ಎಂದಳು. ದನಿ ಏರಲಿಲ್ಲ. "ನನ್ನ ಹತ್ರ ಹೇಳೂಕಾಯ್ಲಿಲ್ಲೆ."

ಅವನು ಏನೋ ಹೇಳಹೊರಟ. ಅವಳು ಎಣ್ಣೆಯ ಕೈಯನ್ನು ಅಡ್ಡ ಹಿಡಿದಳು.

"ವರ್ಷ ವರ್ಷ ನನ್ನ ಎದ್ರಿಗೇ ಕೂತ್ಕಂಡ್ ತಿಂದ್ರಿ. ನಾನೇ ಬಿಡ್ಸಿ ಕೊಟ್ಟೆ. ಒಂದ್ ಸಲವಾದ್ರೂ ಗಂಟ್ಲಲ್ಲಿ ನಿಲ್ಲಲಿಲ್ಯಾ?"

ಕುರ್ಚಿಯ ಕಾಲಿನ ಹತ್ತಿರ ವಿಷ್ಣುಮೂರ್ತಿಯ ತಟ್ಟೆಯಲ್ಲಿ ಎರಡು ಸೊಳೆ ಉಳಿದಿತ್ತು. ಸುಕೇಶ ಮೆಸ್ಸಿನಲ್ಲಿ ಜಗಳ ಬಿಡಿಸಿ ರೂಢಿಯಿದ್ದವನು, ಆದದ್ದು ಆಗಿಹೋಯಿತಲ್ಲಮ್ಮ, ಈ ವಯಸ್ಸಿನಲ್ಲಿ ಇನ್ಯಾಕೆ ಎಂದ. ಗುಣವತಿ ಮಗನನ್ನು ನೋಡಿದಳು. ತಂತಿ ಮಾಣಿ. ಇವನಿಗಾದರೂ ಆ ಹೆಸರು ಯಾಕೆ ಬರಬೇಕಿತ್ತು?

ನಿಶ್ಮಿತಾ ಸೋಫಾದಿಂದ ಇಳಿದು ಅಜ್ಜಿಯ ಪಕ್ಕ ನೆಲದ ಮೇಲೆ ಕೂತಳು. ಅವಳ ಕಣ್ಣಲ್ಲಿ ನೀರಿತ್ತು. ಕಷ್ಟಪಟ್ಟು ಕನ್ನಡದಲ್ಲೇ ಹೇಳಿದಳು, ಅಜ್ಜಿಗೆ ಹೇಗೂ ಗೊತ್ತಿರುತ್ತದೆ, ತಾತನಿಗೆ ಸುಮ್ಮನೆ ನಾಚಿಕೆ ಎಂದುಕೊಂಡಿದ್ದೆ ಎಂದು. ಇಷ್ಟು ವರ್ಷ ಒಟ್ಟಿಗೆ ಇದ್ದವರಿಗೆ ಗೊತ್ತಾಗದೆ ಇರುತ್ತದಾ ಎಂದು. ಗುಣವತಿ ಟೀವಿ ನೋಡಿದಳು. ಕಂತು ಮುಗಿದು ಸೀರೆಯ ಜಾಹೀರಾತು ಬರುತ್ತಿತ್ತು.

"ಬಪ್ಪ ವಾರ ಆ ಹೆಂಗ್ಸ್ ಎಂತ ಮಾಡ್ತಾಳೆ?"

"ಅದು ಕಡೇ ಕಂತು ಅಜ್ಜಿ. ಅವಳು ಮನ್ನಿಸ್ತಾಳೆ." ನಿಶ್ಮಿತಾ ಮೂಗು ಒರೆಸಿಕೊಂಡಳು. "ಅವಳಿಗೆ ಎಲ್ಲಾ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಗಂಡನಿಗಾಗಿ ಸುಮ್ಮನಿದ್ದಳು. ಅದುದಾನ್ ಕ್ಲೈಮ್ಯಾಕ್ಸ್. ಶೂಟಿಂಗ್ ಮುಗಿದುಬಿಟ್ಟಿದೆ."

"ಯಾರ್ ಹತ್ರ ಕೇಂಡ್ ಮಾಡ್ದೆ?" ಎಂದಳು ಗುಣವತಿ.

ಅವಳು ನೆಲಕ್ಕೆ ಕೈಯೂರಿ ಎದ್ದು, ಸ್ನಾನದ ಮನೆಗೆ ಹೋಗಿ, ಸೀಗೆಪುಡಿ ಹಾಕಿ ಕೈ ಉಜ್ಜಿದಳು. ಅರ್ಧ ಬಿಡಿಸಿದ ಹಣ್ಣು ಪೇಪರಿನ ಮೇಲೆ ಹಾಗೆಯೇ ಬಿದ್ದಿತ್ತು. ಮೇಣ ಒಣಗಿ ಪೇಪರಿಗೆ ಅಂಟಿಕೊಂಡಿತು, ನೊಣ ಬಂತು, ಸಂಜೆ ಸುಕೇಶ ಅದನ್ನು ಮೂಟೆ ಕಟ್ಟಿ ಮೆಸ್ಸಿನವರಿಗೆ ಕೊಟ್ಟುಬಂದ.

ಆ ವಾರ ಮನೆಯಲ್ಲಿ ಯಾವುದೂ ನಿಲ್ಲಲಿಲ್ಲ. ಬೆಳಿಗ್ಗೆ ವಿಷ್ಣುಮೂರ್ತಿಯ ಕುರ್ಚಿಯ ಪಕ್ಕ ಕಾಫಿ ಬರುತ್ತಿತ್ತು, ಹೊತ್ತಿಗೆ ಸರಿಯಾಗಿ ಊಟ ಬರುತ್ತಿತ್ತು, ರಕ್ತದೊತ್ತಡದ ಮಾತ್ರೆ ತಟ್ಟೆಯ ಅಂಚಿನಲ್ಲಿ ಇರುತ್ತಿತ್ತು. 'ಹ್ವಾಯ್' ಎಂಬ ಕರೆ ಮಾತ್ರ ಇರಲಿಲ್ಲ. ಅವನು ಎರಡು ಸಲ ಮಾತು ತೆಗೆಯಲು ನೋಡಿದ. ಅವಳು ಕೇಳಿಸದವಳಂತೆ ಅಲ್ಲ, ಕೇಳಿಸಿಯೂ ತನಗಲ್ಲ ಎಂಬಂತೆ ಒಳಗೆ ಹೋದಳು. ಜಗಳವಾಡಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ನಿಶ್ಮಿತಾ ಅಜ್ಜಿಯ ಹಿಂದೆ ಮುಂದೆ ಸುತ್ತಿ, ಕಡೆಗೆ ಕೋಪ ಬಂದು, ತಾತನೇ ತಪ್ಪು ಮಾಡಿ ನನಗೇಕೆ ಶಿಕ್ಷೆ ಎಂದು ಅಪ್ಪನ ಹತ್ತಿರ ಅತ್ತಳು. ವಿಷ್ಣುಮೂರ್ತಿ ಅದನ್ನು ಕೇಳಿಸಿಕೊಂಡ. ಆಸ್ಪತ್ರೆಯ ಮಂಚದ ಮೇಲೆ, ಯಾರ ಹತ್ತಿರವಾದರೂ ಹೇಳಿಕೊಳ್ಳದೆ ಸತ್ತುಹೋದರೆ ಎಂದು ಹೆದರಿ ಇದೇ ಹುಡುಗಿಯ ಕೈ ಹಿಡಿದುಕೊಂಡದ್ದು ಅವನಿಗೆ ನೆನಪಾಯಿತು. ಅವಳು ಅವತ್ತು ಆ ಕೈಯನ್ನು ಅವನಿಗೆ ಬಿಟ್ಟುಕೊಟ್ಟು, ಇನ್ನೊಂದು ಕೈಯ ಫೋನಿನಲ್ಲಿ ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡಿದ್ದಳು ಎಂದು ಅವನಿಗೆ ಈ ವಾರ ಗೊತ್ತಾಗಿತ್ತು.

ಶನಿವಾರ ಸಂಜೆ ಗುಣವತಿ ಮಗನನ್ನು ಕರೆದು, ನಾಳೆ ಕೋಯಂಬೇಡಿಗೆ ಹೋದಾಗ ಒಂದು ಹಲಸಿನ ಹಣ್ಣು ತಾ ಎಂದಳು. ಪಣ್ರುಟ್ಟಿಯ ಕಡೆಯದು, ಸಣ್ಣದು ಸಾಕು, ಒಳ್ಳೆಯದು ನೋಡಿ ತಾ. ಸುಕೇಶನಿಗೆ ಎದೆಯ ಭಾರ ಇಳಿದಂತಾಯಿತು. ಅಮ್ಮ ಸರಿಯಾದಳು ಎಂದು ಅವನು ಅಪ್ಪನಿಗೂ ಹೇಳಿದ. ವಿಷ್ಣುಮೂರ್ತಿಯೂ ಭಾನುವಾರ ಬೇಗ ಸ್ನಾನ ಮಾಡಿ, ಒಗೆದ ಬಿಳಿ ಪಂಚೆ ಉಟ್ಟು, ಬೆತ್ತದ ಕುರ್ಚಿಯಲ್ಲಿ ಕೂತ.

ಈ ಸಲ ಟೀವಿಯ ಎದುರಿಗೆ ಪೇಪರು ಹಾಸಲಿಲ್ಲ. ಗುಣವತಿ ಹಣ್ಣನ್ನು ಅಡುಗೆಮನೆಗೆ ಒಯ್ಯಿಸಿದಳು. ಧಾರಾವಾಹಿ ಶುರುವಾದಾಗ ನಿಶ್ಮಿತಾ, ಅಜ್ಜಿ ವಾಂಗೋ, ಕಡೇ ಕಂತು ಎಂದು ಬಾಗಿಲವರೆಗೆ ಹೋಗಿ ಕರೆದಳು. ಗುಣವತಿ ನೀವು ನೋಡಿ ಎಂದಳು. ಒಳಗಿನಿಂದ ಕತ್ತಿಯ ಸದ್ದು, ಪೇಪರಿನ ಸದ್ದು ಕೇಳುತ್ತಿತ್ತು. ಹಣ್ಣಿನ ವಾಸನೆ ಹೊರಗೆ ಬಂತು. ಸುಕೇಶ ಖಾಲಿ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಹೋದವನು ಅಲ್ಲೇ ನಿಂತ. ಒಂದು ಗಳಿಗೆ ನಿಂತು ನೋಡಿ, ಖಾಲಿ ತಟ್ಟೆಯೊಂದಿಗೇ ವಾಪಸು ಬಂದು ಕೂತ. ಅಪ್ಪನ ಕಡೆ ನೋಡಲಿಲ್ಲ.

ತೆರೆಯ ಮೇಲೆ ಚಿನ್ನದುರೈ ಮುದುಕನಾಗಿದ್ದ. ಅವನ ಹೆಂಡತಿಗೂ ತಲೆ ನರೆತಿತ್ತು. ಸಮುದ್ರದ ದಂಡೆಯಲ್ಲಿ ಇಬ್ಬರೂ ಕೂತಿದ್ದರು, ಹಿಂದೆ ಪಿಟೀಲು ನುಡಿಯುತ್ತಿತ್ತು. ಅವನು ಎಲ್ಲ ಹೇಳಿ ಮುಗಿಸಿದ. ಅವಳು ಅವನ ಕೈಯನ್ನು ತನ್ನ ಎರಡೂ ಕೈಯೊಳಗೆ ತೆಗೆದುಕೊಂಡು, ನನಗೆ ಅವತ್ತೇ ಗೊತ್ತಿತ್ತು ಎಂದಳು.

ವಿಷ್ಣುಮೂರ್ತಿಗೆ ಅದು ಕೇಳಿಸಿತೋ ಇಲ್ಲವೋ. ಅವನು ಅಡುಗೆಮನೆಯ ಬಾಗಿಲ ಕಡೆ ತಿರುಗಿ ಕೂತಿದ್ದ. ಒಳಗೆ ಸ್ಟೀಲಿನ ಪಾತ್ರೆಗೆ ಹಲಸಿನ ಬೀಜವೊಂದು ಟಣ್ಣೆಂದು ಬಿತ್ತು. ಒಂದು ಸೊಳೆ ತಿಂದು ಮುಗಿಸುವಷ್ಟು ಹೊತ್ತಾದ ಮೇಲೆ ಇನ್ನೊಂದು ಬಿತ್ತು. ಆಮೇಲೆ ಮತ್ತೊಂದು.